ಅರ್ಧದ ಗೆರೆ ದಾಟಿದ ನಾಲ್ಕು ಪುಟ

ನಮ್ಮ ಹನೂರಿನಿಂದ ದಕ್ಷಿಣದ ದಾರಿ ಹಿಡಿದರೆ ರಾಮಾಪುರ, ನಾಲ್ ರೋಡ್, ಗರಿಕೆಕಂಡಿ ದಾಟಿ, ಬರ್ಗೂರು ಕಾಡಿನ ಘಾಟಿ ಇಳಿದು, ಅಂತಿಯೂರು, ಭವಾನಿ ಕಳೆದು ಈರೋಡು ಸೇರಬಹುದು. ಉತ್ತರಕ್ಕೆ ಹೊರಟರೆ ಕೊಳ್ಳೇಗಾಲ, ಕಾವೇರಿ, ಮಳವಳ್ಳಿ, ಅಲ್ಲಿಂದ ಎಡಕ್ಕೆ ಹೊರಳಿದರೆ ಮಂಡ್ಯ. ಈರೋಡಿನಲ್ಲಿ 1887ರ ಡಿಸೆಂಬರ್ 22ರಂದು ಶ್ರೀನಿವಾಸ ರಾಮಾನುಜನ್ ಹುಟ್ಟಿದರು. ಮಂಡ್ಯದಲ್ಲಿ 1933ರ ಆಗಸ್ಟ್ 18ರಂದು ಕನಕನಹಳ್ಳಿ ರಾಮಚಂದ್ರ ಹುಟ್ಟಿದರು. ರಾಮಾನುಜನ್ ಹುಟ್ಟಿದ ಕಾಲಕ್ಕೆ ನಮ್ಮ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರೂ ಸೇರಿದಂತೆ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈರೋಡೂ ಅದೇ ಜಿಲ್ಲೆಯ ಊರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹೀಗೆ ಒಂದು ಕಾಲಕ್ಕೆ ಒಬ್ಬರು ನಮ್ಮ ಜಿಲ್ಲೆಯವರು, ಇನ್ನೊಬ್ಬರು ಹೊಳೆಯಾಚೆಯ ನೆರೆಯವರು. ಮೊದಲನೆಯವರ ಹೆಸರು ಗೊತ್ತಿಲ್ಲದ ಶಾಲೆಯಿಲ್ಲ. ಎರಡನೆಯವರ ಹೆಸರು ಮಾತ್ರ ಇಲ್ಲಿ ಕೇಳಿಬರುವುದು ಅಪರೂಪ. ಆ ಎರಡನೆಯವರು 1969ರಲ್ಲಿ ಕಂಡುಕೊಂಡದ್ದೊಂದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ಹಿನ್ನೆಲೆಯಾದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಎಂಟನೇ ತರಗತಿಯ ಗಣಿತ ಸಾಕು.

ವರ್ಗ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ: 1, 4, 9, 16, 25, 36, 49. ಈಗ ಒಂದೊಂದು ಜೋಡಿಯ ನಡುವೆ ಬರುವ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಿ. 1 ಮತ್ತು 4ರ ನಡುವೆ 2, 3. 4 ಮತ್ತು 9ರ ನಡುವೆ 5, 7. 9ರಿಂದ 16ರೊಳಗೆ 11, 13. 16ರಿಂದ 25ರೊಳಗೆ 17, 19, 23. 25ರಿಂದ 36ರೊಳಗೆ ಮತ್ತೆ ಎರಡೇ, 29 ಮತ್ತು 31. 36ರಿಂದ 49ರೊಳಗೆ ನಾಲ್ಕು. ಮುಂದಕ್ಕೆ ಹೋದರೆ 100 ಮತ್ತು 121ರ ನಡುವೆ ಐದು: 101, 103, 107, 109, 113. ಎಣಿಕೆ ಏರುತ್ತದೆ, ಇಳಿಯುತ್ತದೆ, ಯಾವ ಕ್ರಮಕ್ಕೂ ಒಗ್ಗುವುದಿಲ್ಲ. ಆದರೆ ಸೊನ್ನೆ ಮಾತ್ರ ಎಲ್ಲೂ ಬರುವುದಿಲ್ಲ. ಎಷ್ಟು ದೂರ ಹೋದರೂ ಬರುವುದಿಲ್ಲವೇ? ಅಕ್ಕಪಕ್ಕದ ಎರಡು ವರ್ಗಗಳ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆಯೇ?

ಇರುತ್ತದೆ ಎನ್ನುವುದು ಫ್ರಾನ್ಸಿನ ಲೆಜಾಂದ್ರ್ (1752–1833) ಹೆಸರಿನಲ್ಲಿ ನಿಂತಿರುವ ಊಹೆ. 1912ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಎಡ್ಮಂಡ್ ಲಾಂಡೌ ಅವಿಭಾಜ್ಯಗಳ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟು, ಆ ಕಾಲದ ಗಣಿತದ ಸಾಧನಗಳಿಗೆ ಅವು ದಕ್ಕುವಂಥವಲ್ಲ ಎಂದರು. ನಾಲ್ಕರಲ್ಲಿ ಎರಡು ವರ್ಗಗಳಿಗೆ ಸಂಬಂಧಿಸಿದವು. ಒಂದು ಈಗ ಹೇಳಿದ ಊಹೆ. ಇನ್ನೊಂದು, ಯಾವುದೋ ವರ್ಗಕ್ಕೆ ಒಂದು ಕೂಡಿಸಿದರೆ ಸಿಗುವ 5, 17, 37, 101ರಂಥ ಅವಿಭಾಜ್ಯಗಳು ಮುಗಿಯದೆ ಬರುತ್ತಲೇ ಇರುತ್ತವೆಯೇ ಎಂಬುದು. ಆ ನಾಲ್ಕರಲ್ಲಿ ಒಂದೂ ಇವತ್ತಿಗೂ ಬಗೆಹರಿದಿಲ್ಲ.

ಬಗೆಹರಿಯದಿರುವುದು ಲೆಕ್ಕ ಹಾಕಿ ನೋಡದ್ದರಿಂದಲ್ಲ. 4ರ ಮುಂದೆ 18 ಸೊನ್ನೆ ಬರೆದರೆ ಆಗುವ ಸಂಖ್ಯೆಯವರೆಗೂ ಅವಿಭಾಜ್ಯಗಳ ನಡುವಿನ ಅಂತರಗಳನ್ನೆಲ್ಲ ಕಂಪ್ಯೂಟರಿನಿಂದ ಪರಿಶೀಲಿಸಲಾಗಿದೆ. ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಅಂತರ 1476. ಅಷ್ಟು ಮೇಲೆ ಅಕ್ಕಪಕ್ಕದ ಎರಡು ವರ್ಗಗಳ ನಡುವಿನ ಬಯಲಾದರೋ ಸುಮಾರು 400 ಕೋಟಿ ಸಂಖ್ಯೆಗಳಷ್ಟು ಅಗಲ. 400 ಕೋಟಿಯ ಬಯಲಿನಲ್ಲಿ ಹೆಚ್ಚೆಂದರೆ 1476 ಹೆಜ್ಜೆಗೊಂದು ಅವಿಭಾಜ್ಯ ಸಿಗುತ್ತಿರುವಾಗ, ಒಂದಾದರೂ ಇರುತ್ತದೆ ಎಂದು ಸಾಧಿಸಲು ಆಗುತ್ತಿಲ್ಲ! ಕಣ್ಣಿಗೆ ಕಾಣುವುದಕ್ಕೂ ಸಾಧಿಸಿ ತೋರಿಸುವುದಕ್ಕೂ ನಡುವೆ ಇಷ್ಟು ದೊಡ್ಡ ಕಂದರವಿರುವ ಇನ್ನೊಂದು ಪ್ರಶ್ನೆಯನ್ನು ಶಾಲೆಯ ಗಣಿತದಲ್ಲಿ ನಾನು ಕಂಡಿಲ್ಲ.

ಈ ಕಂದರವನ್ನು ತುಂಬಲು ಒಬ್ಬರ ಹಿಂದೊಬ್ಬರು ಮಾಡಿದ ಯತ್ನವನ್ನು ಸೊನ್ನೆಗಳಲ್ಲಿ ಎಣಿಸಿದರೆ ಸುಲಭವಾಗಿ ತಿಳಿಯುತ್ತದೆ. 1ರ ಮುಂದೆ 40 ಸೊನ್ನೆ ಇರುವ ಸಂಖ್ಯೆಯೊಂದನ್ನು ಮಾದರಿಗೆ ಇಟ್ಟುಕೊಳ್ಳೋಣ. ಅದರ ವರ್ಗಮೂಲಕ್ಕೆ 20 ಸೊನ್ನೆ. ಮುಂದಿನ ವರ್ಗ ಇರುವುದು ವರ್ಗಮೂಲದ ಎರಡರಷ್ಟು ದೂರದಲ್ಲಿ. ಹಾಗಾಗಿ 20 ಸೊನ್ನೆಯಷ್ಟು ಉದ್ದದ ತುಂಡಿನಲ್ಲಿ ಅವಿಭಾಜ್ಯವೊಂದು ಸಿಕ್ಕೇ ಸಿಗುತ್ತದೆ ಎಂದು ತೋರಿಸಿದರೆ ಗೆದ್ದಂತೆ. 40ಕ್ಕೆ 20, ಅಂದರೆ ಅರ್ಧ. ಗಣಿತಜ್ಞರು ಇದನ್ನೇ ಘಾತ ಅರ್ಧ ಎನ್ನುತ್ತಾರೆ. 1930ರಲ್ಲಿ ಜರ್ಮನಿಯ ಹೊಹೈಸೆಲ್ ಮೊದಲ ಬಾರಿಗೆ ಘಾತವನ್ನು ಒಂದಕ್ಕಿಂತ ಕೆಳಗೆ ಇಳಿಸಿದರು. ಇಳಿಸಿದ್ದು 33,000ದಲ್ಲಿ ಒಂದು ಪಾಲು ಮಾತ್ರ. ನಮ್ಮ ಮಾದರಿಯಲ್ಲಿ ಅದು 40 ಸೊನ್ನೆಗೆ ಕೂದಲೆಳೆಯಷ್ಟು ಕಡಿಮೆ. ಆದರೆ ಬಾಗಿಲು ತೆರೆದಿತ್ತು. 1937ರಲ್ಲಿ ಇಂಗ್ಲೆಂಡಿನ ಇಂಗಮ್ ಅದನ್ನು 5/8ಕ್ಕೆ, ಅಂದರೆ 25 ಸೊನ್ನೆಗೆ ತಂದರು. ವರ್ಗಗಳಿಗೆ ಅದು ಸಾಲಲಿಲ್ಲ. ಘನಗಳಿಗೆ ಸಾಕಾಯಿತು: ಸಂಖ್ಯೆಗಳು ಸಾಕಷ್ಟು ದೊಡ್ಡವಾಗಿದ್ದರೆ ಅಕ್ಕಪಕ್ಕದ ಎರಡು ಘನಗಳ ನಡುವೆ ಅವಿಭಾಜ್ಯ ಇದ್ದೇ ಇದೆ ಎಂದು ಅದರಿಂದ ಸಿದ್ಧವಾಯಿತು. ಮುಂದೆ 1972ರಲ್ಲಿ ಹಕ್ಸ್ಲಿ 7/12ಕ್ಕೆ, 2001ರಲ್ಲಿ ಬೇಕರ್, ಹಾರ್ಮನ್ ಮತ್ತು ಪಿಂಟ್ಸ್ 0.525ಕ್ಕೆ ಇಳಿಸಿದರು. ಅಂದರೆ ಈಗ 21 ಸೊನ್ನೆ. ಬೇಕಾದದ್ದು 20. ಆ ಒಂದು ಸೊನ್ನೆ ಇನ್ನೂ ಜಗ್ಗಿಲ್ಲ. ಗಣಿತದ ಅತಿ ದೊಡ್ಡ ಊಹೆಯೆನಿಸಿದ ರೀಮನ್ ಊಹೆಯನ್ನು ನಿಜವೆಂದೇ ಇಟ್ಟುಕೊಂಡರೂ ಅರ್ಧದ ಹೊಸ್ತಿಲಿಗೆ ಬಂದು ನಿಲ್ಲುತ್ತೇವೆ, ಒಳಗೆ ಕಾಲಿಡಲು ಆಗುವುದಿಲ್ಲ.

1969ರ ಹೊತ್ತಿಗೆ ಘಾತ ಇನ್ನೂ ಅರ್ಧದಿಂದ ದೂರವೇ ಇತ್ತು. ರಾಮಚಂದ್ರ ಈ ಪ್ರಶ್ನೆಯ ಹತ್ತಿರ ಬಂದದ್ದು ಆಗ.

ಅವರು ಬಂದ ದಾರಿ ನೇರವಾದದ್ದಲ್ಲ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿ ಜಮೀನಿನ ಮೇಲೆ ಸಾಲ ತೆಗೆದು ಓದಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1955ರಲ್ಲಿ ಸ್ನಾತಕೋತ್ತರ ಪದವಿ ಮುಗಿಯಿತು. ಹೊಟ್ಟೆಪಾಡಿಗೆ ಮಿಲ್ಲೊಂದರಲ್ಲಿ ಗುಮಾಸ್ತಿಕೆ, ಆಮೇಲೆ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ. ಬಿಡುವಿನ ವೇಳೆಯಲ್ಲಿ, ಹೇಳಿಕೊಡುವವರಿಲ್ಲದೆ, ರಾಮಾನುಜನ್ ಅವರ ಗಣಿತವನ್ನು ತಾವೇ ಓದಿಕೊಂಡರು. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿ ಕೆ. ಜಿ. ರಾಮನಾಥನ್ ಅವರ ಶಿಷ್ಯರಾದರು. 1965ರಲ್ಲಿ ಡಾಕ್ಟರೇಟ್ ಬಂತು. ಅಷ್ಟರೊಳಗೆ ಬೀಜಗಣಿತೀಯ ಸಂಖ್ಯಾಸಿದ್ಧಾಂತದಲ್ಲಿ ಹೆಸರಾಗಿತ್ತು. 1968ರಲ್ಲಿ ಅತೀತ ಸಂಖ್ಯೆಗಳ ಮೇಲೆ ಮಹತ್ವದ ಬರಹಗಳು ಬಂದವು. ಅಲ್ಲೇ ನಿಂತಿದ್ದರೂ ಒಳ್ಳೆಯ ಗಣಿತಜ್ಞರೆಂದು ಉಳಿಯುತ್ತಿದ್ದರು. ಆದರೆ ಬೆಂಗಳೂರಿನ ಗುಮಾಸ್ತಿಕೆಯ ದಿನಗಳಿಂದ ಅವರನ್ನು ಹಿಡಿದಿದ್ದು ಅವಿಭಾಜ್ಯಗಳೇ ಎಂದು ಅವರ ಮುಂದಿನ ನಲವತ್ತು ವರ್ಷಗಳ ಕೆಲಸ ನೋಡಿದರೆ ನನಗನ್ನಿಸುತ್ತದೆ.

ಎಲ್ಲರೂ ತುಂಡನ್ನು ಮೊಟಕು ಮಾಡಲು ಹೆಣಗುತ್ತಿದ್ದಾಗ ರಾಮಚಂದ್ರ ತುಂಡನ್ನು ಮೊದಲೇ ಅರ್ಧದ ಅಳತೆಗೆ ಕತ್ತರಿಸಿಟ್ಟುಕೊಂಡರು. ಒಂದು ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟು ದೂರ ನಡೆಯುವುದು, ಅದಕ್ಕಿಂತ ಒಂದು ಹೆಜ್ಜೆಯೂ ಹೆಚ್ಚು ಬೇಡ. ಈ ತುಂಡಿನಲ್ಲಿ ಅವಿಭಾಜ್ಯ ಇದೆಯೆಂದು ಹೇಳಲಾಗುವುದಿಲ್ಲ, ಸರಿ. ಹಾಗಿದ್ದರೆ ಇಲ್ಲಿರುವ ಸಂಖ್ಯೆಗಳಲ್ಲಿ ಒಂದಾದರೂ ಅವಿಭಾಜ್ಯಕ್ಕೆ ಎಷ್ಟು ಹತ್ತಿರ ಬರುತ್ತದೆ? ತುಂಡಿನ ಸಂಖ್ಯೆಗಳನ್ನೆಲ್ಲ ಅಪವರ್ತಿಸಿದರೆ ಅವುಗಳಲ್ಲಿ ಕಾಣಿಸುವ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಎಷ್ಟು ದೊಡ್ಡದು?

ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡೋಣ. 114ರಿಂದ ಹೊರಡಿ. ಅದರ ವರ್ಗಮೂಲ ಹತ್ತೂಮುಕ್ಕಾಲರ ಆಸುಪಾಸು. ಹಾಗಾಗಿ ತುಂಡು 124ಕ್ಕೆ ಮುಗಿಯುತ್ತದೆ. ಈ ಹನ್ನೊಂದು ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ. ಆದರೆ 118 ಎಂದರೆ 2 × 59, 122 ಎಂದರೆ 2 × 61. 61 ಸಾಕಷ್ಟು ದೊಡ್ಡದು, 114ರ ಅರ್ಧಕ್ಕಿಂತಲೂ ಹೆಚ್ಚು. ಅವಿಭಾಜ್ಯ ಸಿಗದ ಕಡೆಯೂ ಅದರ ನೆರಳು ದಟ್ಟವಾಗಿಯೇ ಬಿದ್ದಿದೆ. ಎಲ್ಲ ದೊಡ್ಡ ಸಂಖ್ಯೆಗಳಿಗೂ ಇಂಥದ್ದೊಂದು ಖಾತರಿ ಕೊಡಬಹುದೇ ಎಂಬುದು ಅವರ ಪ್ರಶ್ನೆ.

ಖಾತರಿಯ ಮೊದಲ ಅರ್ಧ ಪುಕ್ಕಟೆ ಸಿಗುತ್ತದೆ. ತುಂಡಿನ ಉದ್ದ 20 ಸೊನ್ನೆಯಷ್ಟಿದ್ದರೆ, 20 ಸೊನ್ನೆಗಿಂತ ಚಿಕ್ಕದಾದ ಯಾವ ಅವಿಭಾಜ್ಯದ ಗುಣಕವೂ ಅದರೊಳಗೆ ಬಿದ್ದೇ ಬೀಳುತ್ತದೆ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಕಷ್ಟ ಶುರುವಾಗುವುದು ಅದರ ಮೇಲೆ. ತುಂಡಿಗಿಂತ ದೊಡ್ಡದಾದ ಅವಿಭಾಜ್ಯದ ಗುಣಕ ತುಂಡಿನೊಳಗೆ ಒಂದು ಬೀಳಬಹುದು, ಬೀಳದೆ ಹಾರಿಹೋಗಲೂಬಹುದು.

ಇಲ್ಲಿ ರಾಮಚಂದ್ರ ಹಳೆಯದೊಂದು ಉಪಾಯಕ್ಕೆ ಮೊರೆಹೋದರು. 1852ರಲ್ಲಿ ರಷ್ಯಾದ ಚೆಬಿಷೆವ್ ಯಾವುದೇ ಸಂಖ್ಯೆಗೂ ಅದರ ಎರಡರಷ್ಟಕ್ಕೂ ನಡುವೆ ಅವಿಭಾಜ್ಯ ಇದೆಯೆಂದು ತೋರಿಸಿದ್ದು ಈ ಉಪಾಯದಿಂದ. ಅದೇ ಫಲಿತಾಂಶಕ್ಕೆ 1919ರಲ್ಲಿ ರಾಮಾನುಜನ್ ಎರಡೇ ಪುಟದ ಹೊಸ ಸಾಧನೆ ಕೊಟ್ಟಿದ್ದರು. ಉಪಾಯ ಹೀಗಿದೆ. ಸಂಖ್ಯೆಗಳನ್ನು ಒಂದೊಂದಾಗಿ ನೋಡಬೇಡಿ, ಎಲ್ಲವನ್ನೂ ಗುಣಿಸಿಬಿಡಿ. ನಮ್ಮ ಮಾದರಿಯ ತುಂಡಿನಲ್ಲಿ 20 ಸೊನ್ನೆಯಷ್ಟು ಸಂಖ್ಯೆಗಳಿವೆ, ಒಂದೊಂದೂ 40 ಸೊನ್ನೆಯ ಗಾತ್ರದ್ದು. ಗುಣಲಬ್ಧ ಹೊರಲಾಗದಷ್ಟು ದೊಡ್ಡ ಹೊರೆ. ಈ ಹೊರೆಯನ್ನು ಹೊತ್ತವರು ಅವಿಭಾಜ್ಯಗಳು. ಯಾರು ಎಷ್ಟು ಹೊತ್ತಿದ್ದಾರೆ ಎಂದು ಲೆಕ್ಕ ತೆಗೆದರೆ, 20 ಸೊನ್ನೆಯೊಳಗಿನ ಚಿಕ್ಕ ಅವಿಭಾಜ್ಯಗಳೆಲ್ಲ ಸೇರಿ ಹೊತ್ತದ್ದು ಹೆಚ್ಚುಕಡಿಮೆ ಅರ್ಧ ಹೊರೆ. ಉಳಿದರ್ಧ ದೊಡ್ಡ ಅವಿಭಾಜ್ಯಗಳ ಹೆಗಲ ಮೇಲಿರಲೇಬೇಕು. ಈಗ, ದೊಡ್ಡವುಗಳಲ್ಲಿ ಅತಿ ದೊಡ್ಡದೂ 23 ಸೊನ್ನೆ ದಾಟುವುದಿಲ್ಲ ಎಂದು ವಾದಕ್ಕೆ ಒಪ್ಪಿಕೊಳ್ಳಿ. ಆಗ 20ರಿಂದ 23 ಸೊನ್ನೆಯ ನಡುವಿನವೇ ಆ ಅರ್ಧವನ್ನು ಪೂರ್ತಿ ಹೊರಬೇಕಾಗುತ್ತದೆ. ಅವುಗಳಿಗೆ ಅಷ್ಟು ಶಕ್ತಿಯಿಲ್ಲ ಎಂದು ತೋರಿಸಿದರೆ ಅದಕ್ಕಿಂತ ದೊಡ್ಡದೊಂದು ಇದ್ದೇ ಇರಬೇಕು.

ತೋರಿಸುವುದೇ ಕಷ್ಟದ ಭಾಗ. ಸರಾಸರಿಯ ಲೆಕ್ಕದಲ್ಲಿ ಆ ನಡುವಿನವು ಹೊರುವುದು 40ರಲ್ಲಿ ಮೂರು ಪಾಲು ಮಾತ್ರ, ಬೇಕಾದದ್ದು 20 ಪಾಲು. ಆದರೆ ಸರಾಸರಿ ಸಾಕ್ಷ್ಯವಾಗುವುದಿಲ್ಲ. ಈ ತುಂಡಿನಲ್ಲೇ ಅವುಗಳ ಗುಣಕಗಳು ಅತಿಯಾಗಿ ಬಂದು ಗುಂಪುಗೂಡಿರಬಾರದೇಕೆ? ಗುಂಪುಗೂಡಲು ಮಿತಿಯಿದೆ ಎಂದು ಸ್ಥಾಪಿಸಲು ರಾಮಚಂದ್ರ ಎರಡು ಸಾಧನಗಳನ್ನು ಜೊತೆಗೂಡಿಸಿದರು. ಒಂದು, ಭಾಗಾಕಾರದಲ್ಲಿ ಉಳಿಯುವ ಭಿನ್ನಭಾಗಗಳು ಎಷ್ಟು ಸಮವಾಗಿ ಹರಡಿಕೊಳ್ಳುತ್ತವೆ ಎಂದು ಅಳೆಯುವ ವಿಧಾನ, ಹಾಲೆಂಡಿನ ವಾನ್ ಡರ್ ಕೋರ್ಪುಟ್ ಬೆಳೆಸಿದ್ದು. ಇನ್ನೊಂದು, ನಾರ್ವೆಯ ಆಟ್ಲೆ ಸೆಲ್ಬರ್ಗ್ ಕಟ್ಟಿದ ಜರಡಿ. ಅವಿಭಾಜ್ಯಗಳ ಎಣಿಕೆ ಇಷ್ಟಕ್ಕಿಂತ ಹೆಚ್ಚಿರಲಾರದು ಎಂದು ಆ ಜರಡಿ ಖಚಿತವಾಗಿ ಹೇಳುತ್ತದೆ, ಆದರೆ ಯಾವಾಗಲೂ ನಿಜವಾದದ್ದಕ್ಕಿಂತ ಧಾರಾಳವಾಗಿಯೇ ಹೇಳುತ್ತದೆ. ಸೆಲ್ಬರ್ಗ್ ಹುಡುಗನಾಗಿದ್ದಾಗ ಗಣಿತಕ್ಕೆ ಮನಸೋತದ್ದು ರಾಮಾನುಜನ್ ಅವರ ಸಂಗ್ರಹಿತ ಲೇಖನಗಳನ್ನು ಓದಿ. ಈರೋಡಿನಲ್ಲಿ ಹುಟ್ಟಿದವರ ಚಿಂತನೆ ನಾರ್ವೆಯನ್ನು ಸುತ್ತಿ ಮಂಡ್ಯದವರ ಕೈಗೆ ಬಂದು ಸೇರಿತು ಎನ್ನುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಜರಡಿಯ ಧಾರಾಳತನದಿಂದಾಗಿ ಫಲಿತಾಂಶ ಒಂದಕ್ಕೆ ಮುಟ್ಟಲಿಲ್ಲ, 15/26ಕ್ಕೆ ಬಂದು ನಿಂತಿತು. ಅರ್ಧ ಕೂಡಿಸು ಹದಿಮೂರರಲ್ಲಿ ಒಂದು. ನಮ್ಮ ಮಾದರಿಯಲ್ಲಿ 23 ಸೊನ್ನೆಯನ್ನು ಕೊಂಚ ದಾಟುವ ಅವಿಭಾಜ್ಯ ಅಪವರ್ತನಕ್ಕೆ ಖಾತರಿ. ಸಾಕಷ್ಟು ದೊಡ್ಡದಾದ ಯಾವ ಸಂಖ್ಯೆಯಿಂದ ಹೊರಟರೂ ಈ ಖಾತರಿ ಸಲ್ಲುತ್ತದೆ. ಅರ್ಧದ ಅಳತೆಯ ತುಂಡಿನಲ್ಲಿ ಅರ್ಧವನ್ನು ಖಚಿತವಾದ ಅಂತರದಿಂದ ದಾಟಿದ ಮೊದಲ ಹೆಜ್ಜೆ ಇದು. 1969ರಲ್ಲಿ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ಅದರ ಉದ್ದ ನಾಲ್ಕೇ ಪುಟ. ಮರುವರ್ಷ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಎರಡನೆಯ ಭಾಗ ಬಂತು. ಅದರಲ್ಲಿ ಅವರೇ ಘಾತವನ್ನು 5/8ಕ್ಕೆ, 25 ಸೊನ್ನೆಗೆ ಏರಿಸಿದರು. ಇಂಗಮ್ ಅವರ ಸಂಖ್ಯೆಯೂ 5/8 ಆಗಿದ್ದದ್ದು ಕಾಕತಾಳೀಯ. ಅಲ್ಲಿ ತುಂಡಿನ ಉದ್ದ, ಕಡಿಮೆಯಾದಷ್ಟೂ ಒಳ್ಳೆಯದು. ಇಲ್ಲಿ ಅಪವರ್ತನದ ಗಾತ್ರ, ಹೆಚ್ಚಿದಷ್ಟೂ ಒಳ್ಳೆಯದು.

ಅದೇ 1969ರಲ್ಲಿ ಗ್ರಿಮ್ ಎಂಬ ಗಣಿತಜ್ಞರು ಅಮೆರಿಕದ ಪತ್ರಿಕೆಯೊಂದರಲ್ಲಿ ಬೇರೊಂದು ಊಹೆ ಮಂಡಿಸಿದ್ದರು. ಮಕ್ಕಳ ಆಟದಂತೆ ಕಾಣುವ ಊಹೆ ಅದು. ನಡುವೆ ಅವಿಭಾಜ್ಯವೇ ಇಲ್ಲದಂತೆ ಸಾಲಾಗಿ ಬರುವ ಸಂಯುಕ್ತ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಅದರದೇ ಒಂದು ಅವಿಭಾಜ್ಯ ಅಪವರ್ತನವನ್ನು, ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಡದಂತೆ, ಹಂಚಲು ಯಾವಾಗಲೂ ಸಾಧ್ಯ ಎನ್ನುತ್ತದೆ ಅದು. 113 ಮತ್ತು 127ರ ನಡುವಿನ ಹದಿಮೂರು ಸಂಖ್ಯೆಗಳಿಗೆ ಹಂಚಿ ನೋಡಿ. 114ಕ್ಕೆ 19, 115ಕ್ಕೆ 23, 116ಕ್ಕೆ 29, 117ಕ್ಕೆ 13, 118ಕ್ಕೆ 59, 119ಕ್ಕೆ 17, 120ಕ್ಕೆ 2, 121ಕ್ಕೆ 11, 122ಕ್ಕೆ 61, 123ಕ್ಕೆ 41, 124ಕ್ಕೆ 31, 125ಕ್ಕೆ 5, 126ಕ್ಕೆ 7. ಎಲ್ಲರಿಗೂ ಸಿಕ್ಕಿತು, ಯಾರದೂ ಇನ್ನೊಬ್ಬರದಲ್ಲ. 121 ಮತ್ತು 125ಕ್ಕೆ ಬೇರೆ ಆಯ್ಕೆಯೇ ಇರಲಿಲ್ಲ ಎನ್ನುವುದನ್ನು ಗಮನಿಸಿ.

ಈ ಆಟದೊಳಗೆ ವರ್ಗಗಳ ಪ್ರಶ್ನೆ ಅಡಗಿದೆ ಎಂದು ಗಣಿತಜ್ಞರಾದ ಎರ್ಡೋಶ್ ಮತ್ತು ಸೆಲ್ಫ್ರಿಜ್ 1971ರಲ್ಲಿ ತೋರಿಸಿದರು. ಗ್ರಿಮ್ ಊಹೆ ನಿಜವಾದರೆ ಅವಿಭಾಜ್ಯಗಳ ನಡುವಿನ ಅಂತರ ವರ್ಗಮೂಲಕ್ಕಿಂತ ಕೆಳಗೇ ಉಳಿಯಬೇಕು, ಅಂದರೆ ದೊಡ್ಡ ಸಂಖ್ಯೆಗಳಿಗೆಲ್ಲ ಲೆಜಾಂದ್ರ್ ಊಹೆಯೂ ನಿಜವಾಗಬೇಕು. ಅವರ ವಾದಕ್ಕೆ ರಾಮಚಂದ್ರರ ಪ್ರಮೇಯವನ್ನು ಜೋಡಿಸಿದರೆ ಅಂತರದ ಘಾತ ಅರ್ಧಕ್ಕಿಂತ ಖಚಿತವಾಗಿ ಕೆಳಗಿಳಿಯುತ್ತದೆ. ರೀಮನ್ ಊಹೆಯನ್ನು ಒಪ್ಪಿಕೊಂಡರೂ ಸಿಗದದ್ದು ಹಂಚಾಟದ ಊಹೆಯೊಂದರಿಂದ ಸಿಗುತ್ತದೆ! ಹಾಗಿರುವಾಗ ಗ್ರಿಮ್ ಊಹೆಯನ್ನು ಸಾಧಿಸುವುದು ಎಷ್ಟು ಕಠಿಣವಿರಬೇಕೆಂದು ಊಹಿಸಬಹುದು. ರಾಮಚಂದ್ರ ಅದರ ಮೇಲೂ ಕೈಯಿಟ್ಟರು. ತಮ್ಮ ಶಿಷ್ಯ ಟಿ. ಎನ್. ಶೋರೆ ಮತ್ತು ಡಚ್ ಗಣಿತಜ್ಞ ಟೈಡೆಮನ್ ಜೊತೆಗೂಡಿ, ಸಾಲು ತೀರಾ ಉದ್ದವಿಲ್ಲದಿದ್ದರೆ ಹಂಚಿಕೆ ಸಾಧ್ಯವಿದೆ ಎಂದು 1975ರಲ್ಲಿ ಸಾಧಿಸಿ ತೋರಿಸಿದರು. ಪೂರ್ತಿ ಊಹೆ ಇನ್ನೂ ಹಾಗೆಯೇ ಉಳಿದಿದೆ. ಅದೇ 1975ರಲ್ಲಿ ಚೀನಾದ ಚೆನ್ ಜಿಂಗ್ರುನ್ ಮತ್ತೊಂದು ಕಡೆಯಿಂದ ಬಂದರು. ಅಕ್ಕಪಕ್ಕದ ಎರಡು ದೊಡ್ಡ ವರ್ಗಗಳ ನಡುವೆ ಅವಿಭಾಜ್ಯವಾಗಲಿ, ಎರಡೇ ಅವಿಭಾಜ್ಯಗಳ ಗುಣಲಬ್ಧವಾಗಲಿ ಇದ್ದೇ ಇರುತ್ತದೆ ಎಂದು ಅವರು ತೋರಿಸಿದ್ದಾರೆ.

ರಾಮಚಂದ್ರರು 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆಗೂಡಿ ಹಾರ್ಡಿ–ರಾಮಾನುಜನ್ ಜರ್ನಲ್ ಆರಂಭಿಸಿದರು. ಪ್ರತಿ ವರ್ಷದ ಸಂಚಿಕೆ ರಾಮಾನುಜನ್ ಹುಟ್ಟಿದ ಡಿಸೆಂಬರ್ 22ರಂದು ಹೊರಬರುವಂತೆ ನೋಡಿಕೊಂಡರು. 1995ರಲ್ಲಿ ಮುಂಬಯಿಯಲ್ಲಿ ನಿವೃತ್ತರಾಗಿ ಬೆಂಗಳೂರಿಗೆ ಮರಳಿ, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕುಳಿತು ಕೊನೆಯವರೆಗೂ ಅದೇ ಕೆಲಸ ಮಾಡಿದರು. 2011ರ ಜನವರಿ 17ರಂದು ತೀರಿಕೊಂಡರು. ಹನೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಇಂದಿಗೂ ಅವರ ಹೆಸರಿನ ಮೊದಲ ಪದದ ಊರನ್ನು, ಈಗಿನ ಕನಕಪುರವನ್ನು, ಹಾದೇ ಹೋಗುತ್ತವೆ. ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಡಿಸೆಂಬರ್ 22ರ ಗಣಿತ ದಿನದಂದು ರಾಮಾನುಜನ್ ಚಿತ್ರದ ಪಕ್ಕದಲ್ಲಿ ಈ ಹೆಸರನ್ನೂ ಬರೆದು, ಮಕ್ಕಳಿಗೆ 114ರಿಂದ 126ರವರೆಗಿನ ಹಂಚಿಕೆಯ ಲೆಕ್ಕ ಕೊಡಬೇಕೆಂಬುದು ನನ್ನ ಆಸೆ. 523 ಮತ್ತು 541ರ ನಡುವಿನ ಹದಿನೇಳು ಸಂಖ್ಯೆಗಳನ್ನು ಅವರೇ ಹಂಚಿಕೊಳ್ಳಲಿ.

ರಾಮಚಂದ್ರರು ಆ ಎರಡು ಲೇಖನಗಳಲ್ಲಿ ತೆರೆದ ದಾರಿಯಲ್ಲಿ ಬೇರೆಯವರೂ ಮುಂದೆ ನಡೆದಿದ್ದಾರೆ. 1981ರಲ್ಲಿ ಗ್ರಹಾಮ್ 0.66ರವರೆಗೆ, 1986ರಲ್ಲಿ ಬೇಕರ್ 0.7ರವರೆಗೆ, 1999ರಲ್ಲಿ ಲಿಯು ಮತ್ತು ವು 0.738ರವರೆಗೆ ಏರಿದರು. ನಮ್ಮ ಮಾದರಿಯಲ್ಲಿ ಅದು 29 ಸೊನ್ನೆ ದಾಟಿ ಮೂವತ್ತರ ಹತ್ತಿರ. ಈ ಸಂಖ್ಯೆ ಒಂದಕ್ಕೆ, ಅಂದರೆ 40 ಸೊನ್ನೆಗೆ ಮುಟ್ಟಿದ ದಿನ ಆ ದೊಡ್ಡ ಅಪವರ್ತನ ತಾನು ಭಾಗಿಸುವ ಸಂಖ್ಯೆಯಷ್ಟೇ ದೊಡ್ಡದಾಗುತ್ತದೆ. ಎರಡು ವರ್ಗಗಳ ನಡುವಿನ ಆ ಸಂಖ್ಯೆಯೇ ಆಗ ಅವಿಭಾಜ್ಯವಾಗಿರುತ್ತದೆ. ಒಂದು ಕಡೆಯಿಂದ 0.525 ಅರ್ಧದತ್ತ ಇಳಿಯಬೇಕು, ಇನ್ನೊಂದು ಕಡೆಯಿಂದ ಅಪವರ್ತನದ ಘಾತ ಒಂದರತ್ತ ಏರಬೇಕು. ಯಾವುದು ಮೊದಲು ಗುರಿ ಮುಟ್ಟಿದರೂ ಲೆಜಾಂದ್ರ್ ಪ್ರಶ್ನೆಗೆ ದೊಡ್ಡ ಸಂಖ್ಯೆಗಳ ಮಟ್ಟಿಗೆ ಉತ್ತರ ಸಿಗುತ್ತದೆ.